ನೂರಾ ಕುಸ್ತಿಯ ವ್ಯಾಪಾರದಲ್ಲಿ ನಮ್ಮ ಪಾಲು

ಹೋದ ಸಾರಿ ಬೆಟ್ಟದಪುರದ ತಂಗಿಯ ಮನೆಗೆ ಹೋದಾಗ ಹೊಗೆಸೊಪ್ಪು ಹದ ಮಾಡುವ ಕಾಲ. ದೊಡ್ಡವರು ಬ್ಯಾರನ್ನಿನ ಬೆಂಕಿ ಕಾಯುತ್ತಿದ್ದರು. ಪಕ್ಕದಲ್ಲೇ ಹುಡುಗರು ಒಣಹುಲ್ಲಿನ ಮೇಲೆ ಗೋಣಿಚೀಲ ಹಾಸಿಕೊಂಡು ಕುಸ್ತಿ ಆಡುತ್ತಿದ್ದರು. ನಮ್ಮ ಸೀಮೆಯ ಕುಸ್ತಿ ಅಲ್ಲ, ಮೊಬೈಲಿನ ಕುಸ್ತಿ. ಒಬ್ಬ ಜೋಳದ ದಿಂಡನ್ನು ಮೈಕಿನಂತೆ ಹಿಡಿದು ಇಂಗ್ಲಿಷಿನಂಥದ್ದೇನೋ ಕೂಗುತ್ತಿದ್ದ. ಇನ್ನೊಬ್ಬ ಅಂಗಿ ಬಿಚ್ಚಿ ತೋಳು ತೋರಿಸುತ್ತಿದ್ದ. ಏಳನೇ ಕ್ಲಾಸಿನಲ್ಲಿರುವ ತಂಗಿಯ ಮಗ ನಮ್ಮ ಕಣ್ಣೆದುರೇ ಮೂರು ಸಾರಿ ಬಿದ್ದ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆವು: "ಯಾಕೋ, ಪ್ರತಿ ಸಾರಿ ನೀನೇ ಬೀಳ್ತೀಯಲ್ಲ?"

"ಕೆಟ್ಟೋನು ನಾನೇ ಅಲ್ವಾ ಮಾಮು. ಅವರು ಹಾಗೇ ಹಂಚಿರೋದು."

ಅವನ ದನಿಯಲ್ಲಿ ದೂರಿರಲಿಲ್ಲ. ಮಳೆ ಬಂತು ಎನ್ನುವಷ್ಟು ಸಹಜವಾಗಿ ಹೇಳಿ ರೊಟ್ಟಿ ಮುರಿದ. ನಮಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಈ ಪಾತ್ರ ಹಂಚಿದವರು ಯಾರು? ಬ್ಯಾರನ್ನಿನ ಪಕ್ಕದ ಆ ನಾಲ್ಕು ಹುಡುಗರಂತೂ ಅಲ್ಲ. ಅವರು ಅವನ ಗೆಳೆಯರು, ಒಂದೇ ಬೆಂಚಿನಲ್ಲಿ ಕೂರುವವರು.

ಉರ್ದುವಿನಲ್ಲಿ 'ನೂರಾ ಕುಸ್ತಿ' ಎಂಬ ಮಾತಿದೆ. ಒಳಗೆ ಒಪ್ಪಂದ ಮಾಡಿಕೊಂಡು ಜನರೆದುರು ಹೊಡೆದಾಡುವುದಕ್ಕೆ ಹಾಗೆನ್ನುತ್ತಾರೆ. ರಾಜಕಾರಣಿಗಳನ್ನು ಬೈಯಲು ಈ ಮಾತು ಹೆಚ್ಚು ಬಳಕೆಯಾಗುತ್ತದೆ. ಟಿವಿಯಲ್ಲಿ ಬರುವ ಅಮೆರಿಕದ ಕುಸ್ತಿ ಅಪ್ಪಟ ನೂರಾ ಕುಸ್ತಿ. ಅದನ್ನು ನಾವು ಹೇಳಬೇಕಾಗಿಲ್ಲ, ಕಂಪೆನಿಯೇ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದು ಪ್ರಾಮಾಣಿಕತೆ ಉಕ್ಕಿ ಬಂದು ಅಲ್ಲ. ಕ್ರೀಡೆ ಎಂದರೆ ಕ್ರೀಡಾ ಆಯೋಗದ ಪರವಾನಗಿ, ತಪಾಸಣೆ, ತೆರಿಗೆ ಎಲ್ಲವೂ ಮೈಮೇಲೆ ಬರುತ್ತವೆ. ಮನರಂಜನೆ ಎಂದುಬಿಟ್ಟರೆ ಯಾವುದೂ ಇಲ್ಲ.

ಸುಳ್ಳು ಕುಸ್ತಿ ಎಂದು ಬೈಯಲು ನಾವು ಈ ಲೇಖನ ಬರೆಯುತ್ತಿಲ್ಲ. ಕಥೆ ಬರೆಯುವವರಾದ ನಾವು ಸುಳ್ಳನ್ನು ಬೈದರೆ ಅನ್ನ ತಿಂದ ಮನೆಗೆ ಎರಡು ಬಗೆದಂತೆ. ನಾವೂ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದವರೇ. ತೊಂಬತ್ತರ ದಶಕದಲ್ಲಿ ಊರಿಗೆ ಕೇಬಲ್ ಬಂದಾಗ ಮಗ್ರಿಬ್ ನಮಾಜು ಮುಗಿಸಿ ಹೋಟೆಲಿನ ಟಿವಿ ಮುಂದೆ ನಿಂತಿದ್ದೇವೆ. ಉರ್ದು ಶಾಲೆಯ ಹಿಂದೆ ಡಬ್ಲ್ಯೂಡಬ್ಲ್ಯೂಎಫ್‌ನ ಟ್ರಂಪ್ ಕಾರ್ಡು ಆಡಿ ಮೇಷ್ಟ್ರ ಕೈಯಲ್ಲಿ ಬೆತ್ತದ ಏಟು ತಿಂದಿದ್ದೇವೆ. 2002ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಹೆಸರು ಡಬ್ಲ್ಯೂಡಬ್ಲ್ಯೂಇ ಆಯಿತು. ಅದೇ ವರ್ಷ ದುಬೈಯಿಂದ ಟೆನ್ ಸ್ಪೋರ್ಟ್ಸ್ ಶುರುವಾಗಿ ಆ ಕುಸ್ತಿಯನ್ನು ನಮ್ಮ ಮನೆಮನೆಗೆ ತಂದಿತು. ಆ ಚಾನೆಲ್ಲು ಮುಂದೆ ಜೀ ಕೈಗೆ, ಅಲ್ಲಿಂದ ಸೋನಿ ಕೈಗೆ ಹೋಯಿತು. 2025ರ ಏಪ್ರಿಲ್ 1ರಿಂದ ಭಾರತದಲ್ಲಿ ಆ ಕುಸ್ತಿ ನೆಟ್‌ಫ್ಲಿಕ್ಸ್‌ನ ಪಾಲಾಗಿದೆ.

ವ್ಯಾಪಾರದ ಗಾತ್ರ ಸ್ವಲ್ಪ ನೋಡಿ. ಸೋಮವಾರದ ಕಾರ್ಯಕ್ರಮ ಮುಂತಾದವುಗಳ ಹಕ್ಕಿಗಾಗಿ ನೆಟ್‌ಫ್ಲಿಕ್ಸ್ 2024ರಲ್ಲಿ ಮಾಡಿಕೊಂಡ ಒಪ್ಪಂದ 10 ವರ್ಷದ್ದು, ಮೊತ್ತ 500 ಕೋಟಿ ಡಾಲರಿಗೂ ಹೆಚ್ಚು. ಕಂಪೆನಿ 2023ರಲ್ಲೇ ಯುಎಫ್‌ಸಿ ಎಂಬ ಹೊಡೆದಾಟದ ಕಂಪೆನಿಯ ಜೊತೆ ಸೇರಿ ಟಿಕೆಓ ಎಂಬ ದೊಡ್ಡ ಕೂಟವಾಗಿದೆ. ಯೂಟ್ಯೂಬಿನಲ್ಲಿ ಅದರ ಚಾನೆಲ್ಲಿಗೆ 10 ಕೋಟಿಗೂ ಮಿಕ್ಕಿ ಚಂದಾದಾರರು. ಹಣ ಕೊಡದ ಬೆಟ್ಟದಪುರದ ಹುಡುಗನಿಗೂ ಅಲ್ಲಿ ತುಣುಕು ಪುಕ್ಕಟೆ ಸಿಗುತ್ತದೆ.

ಹಿಂದೆ ಈ ದಂಧೆ ಟಿಕೆಟಿನ ಮೇಲೆ ನಡೆಯುತ್ತಿತ್ತು, ಈಗ ಪ್ರಸಾರದ ಹಕ್ಕಿನ ಮೇಲೆ ನಿಂತಿದೆ. ಗರಡಿಯ ಪಂದ್ಯದಲ್ಲಿ ಒಬ್ಬ ಚಿತ್ ಆದರೆ ಕಥೆ ಮುಗಿಯಿತು, ಜನ ಮನೆಗೆ ಹೋಗುತ್ತಾರೆ. ಹಕ್ಕು ಮಾರುವವನಿಗೆ ಮುಗಿಯುವುದೇ ನಷ್ಟ. ವರ್ಷದ 52 ವಾರವೂ ಎಳೆಯಬೇಕು. ಎಳೆಯಲು ವೈರಿ ಬೇಕು. ಹೊಸ ವೈರಿಯನ್ನು ಕಷ್ಟಪಟ್ಟು ಹುಟ್ಟಿಸುವುದಕ್ಕಿಂತ ನೋಡುವವನ ತಲೆಯಲ್ಲಿ ಆಗಲೇ ಕೂತಿರುವ ವೈರಿಯನ್ನು ಎಬ್ಬಿಸಿ ತಂದು ನಿಲ್ಲಿಸುವುದು ಸುಲಭ, ಖರ್ಚೂ ಕಡಿಮೆ. ನಮ್ಮ ತಕರಾರು ಇರುವುದು ಇಲ್ಲಿ.

1983ರ ಡಿಸೆಂಬರಿನಲ್ಲಿ ಐರನ್ ಶೇಖ್ ಎಂಬ ಇರಾನಿ ಮೂಲದವನನ್ನು ಚಾಂಪಿಯನ್ ಮಾಡಿದರು. ಒಂದು ತಿಂಗಳೂ ಆಗಲಿಲ್ಲ, 1984ರ ಜನವರಿಯಲ್ಲಿ ಹಲ್ಕ್ ಹೋಗನ್ ಅವನನ್ನು ಮಲಗಿಸಿ ಅಮೆರಿಕದ ವೀರನಾದ. ಟೆಹರಾನಿನ ಅಮೆರಿಕನ್ ಒತ್ತೆಯಾಳುಗಳ ನೆನಪು ಆ ಜನರಲ್ಲಿ ಇನ್ನೂ ಹಸಿಯಾಗಿತ್ತು. 1991ರಲ್ಲಿ ಕೊಲ್ಲಿ ಯುದ್ಧ ಬಂತು. ಅದೇ ಇರಾನಿಗೆ ಸೈನಿಕನ ಬಟ್ಟೆ ತೊಡಿಸಿ 'ಕರ್ನಲ್ ಮುಸ್ತಫಾ' ಎಂದು ಹೆಸರಿಟ್ಟು ಇರಾಕಿ ಮಾಡಿದರು. ಇರಾನೂ ಇರಾಕೂ ಎಂಟು ವರ್ಷ ಲಕ್ಷಗಟ್ಟಲೆ ಮಕ್ಕಳನ್ನು ಕೊಂದುಕೊಂಡು ಆಗ ಮೂರು ವರ್ಷವೂ ತುಂಬಿರಲಿಲ್ಲ. ಮಾರುವವನಿಗೆ ಎರಡೂ ಒಂದೇ ಗಡ್ಡ.

2004ರ ಕೊನೆಗೆ ಬಂದ 'ಮುಹಮ್ಮದ್ ಹಸನ್' ಪಾತ್ರ ಇನ್ನೂ ಘೋರ. ಅವನು ಆರಂಭದಲ್ಲಿ ಹೇಳುತ್ತಿದ್ದದ್ದು ಇಷ್ಟೇ: ನಾನು ಅಮೆರಿಕದಲ್ಲೇ ಹುಟ್ಟಿದವನು, 2001ರ ಸೆಪ್ಟೆಂಬರ್ ನಂತರ ನನ್ನನ್ನು ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಆ ಮಾತು ನಿಜ. ಆ ನಿಜವನ್ನೇ ಖಳನ ಬಾಯಿಗೆ ಹಾಕಿ, ಅವನು ಬಾಯಿ ತೆರೆದ ಕೂಡಲೇ ಸಾವಿರಾರು ಜನ ಕೂಗಿ ಅಡಗಿಸುವಂತೆ ಮಾಡಿದರು. ಅನ್ಯಾಯ ಹೇಳಿಕೊಳ್ಳುವುದೇ ಕೆಟ್ಟವನ ಲಕ್ಷಣ ಎಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಚೆನ್ನಾದ ಪಾಠ ಬೇಕೆ? ಕೊನೆಗೆ ಮುಸುಕು ಹಾಕಿದವರನ್ನು ಕರೆಸಿ ಎದುರಾಳಿಯ ಕುತ್ತಿಗೆ ಬಿಗಿಸುವ ದೃಶ್ಯ ಮಾಡಿದರು. ಮೊದಲೇ ಚಿತ್ರೀಕರಿಸಿದ್ದ ಅದು ಪ್ರಸಾರವಾದದ್ದು 2005ರ ಜುಲೈ 7ರಂದು, ಲಂಡನ್ನಿನಲ್ಲಿ ಬಾಂಬು ಸಿಡಿದ ದಿನವೇ. ಗದ್ದಲವಾಯಿತು, ಚಾನೆಲ್ಲು ಅವನನ್ನು ಬೇಡವೆಂದಿತು, ಪಾತ್ರ ಮುಗಿಯಿತು. ಆ ವೇಷ ಹಾಕಿದ್ದವನು ಇಟಲಿ ಮೂಲದ ಅಮೆರಿಕನ್. ಅವನು ವೇಷ ಕಳಚಿ ಮುಂದೆ ಶಾಲೆಯೊಂದರ ಮುಖ್ಯಸ್ಥನಾದ. ಹೆಸರು ಮಾತ್ರ ನಮ್ಮ ಹುಡುಗರಲ್ಲಿ ಉಳಿಯಿತು. ಅವರಿಗೆ ಅದು ವೇಷವಲ್ಲ, ಹಾಜರಿ ಪುಸ್ತಕದಲ್ಲಿರುವ ಹೆಸರು.

"ಇದೆಲ್ಲ ನಾಟಕ ಸಾಬ್ರೆ, ನಮ್ಮ ಮೂಡಲಪಾಯದಲ್ಲೂ ರಕ್ಕಸರಿಲ್ಲವೇ?" ಎಂದು ಗೆಳೆಯರೊಬ್ಬರು ಕೇಳಿದರು. ಇದ್ದಾರೆ. ಆದರೆ ರಾವಣನಿಗೆ ಅಲ್ಲಿ ತನ್ನದೇ ಪದವಿದೆ, ತನ್ನದೇ ದುಃಖವಿದೆ. ಬೆಳಗಾದ ಮೇಲೆ ರಾವಣನ ವೇಷದವನು ಬಣ್ಣ ತೊಳೆದು ರಾಮನ ಜೊತೆಯೇ ಚಹಾ ಕುಡಿಯುತ್ತಾನೆ, ಊರಿನವರು ನೋಡುತ್ತಾರೆ. ರಷ್ಯನ್ನರನ್ನೂ ಜಪಾನಿಯರನ್ನೂ ಹೀಗೇ ಖಳರನ್ನಾಗಿ ಮಾಡಿದ್ದರಲ್ಲ ಎಂದೂ ಹೇಳುತ್ತಾರೆ. ನಿಜ. ಸಿರಿಯಾ ಮೂಲದ ಮುಸ್ಲಿಂ ಸಾಮಿ ಝೇನ್ ಇಂದು ಜನರ ಅಚ್ಚುಮೆಚ್ಚಿನ ಆಟಗಾರ ಎಂಬುದನ್ನೂ ಮುಚ್ಚಿಡಬಾರದು. ಆದರೆ ಹಳೆಯ ಸರಕು ಎಲ್ಲೂ ಹೋಗಿಲ್ಲ. ಹೋಟೆಲಿನ ಟಿವಿಯ ಕಾಲದಲ್ಲಿ ಒಮ್ಮೆ ತೋರಿಸಿದ್ದು ಅಲ್ಲಿಗೆ ಮರೆತುಹೋಗುತ್ತಿತ್ತು. ಪಕ್ಕದಲ್ಲಿ ನಿಂತ ಯಾರಾದರೊಬ್ಬ ಹಿರಿಯರು "ಥೂ, ಇದೇನ್ರೋ" ಎಂದು ಬೈಯುತ್ತಿದ್ದರು. ಈಗ 1991ರದ್ದೂ 2005ರದ್ದೂ ದಿನಾಂಕ, ಸಂದರ್ಭ ಎಲ್ಲ ಕಳಚಿಕೊಂಡು ಮೊಬೈಲಿನ ತುಣುಕಾಗಿ ಬರುತ್ತದೆ. ಹುಡುಗ ಕಂಬಳಿಯೊಳಗೆ ಒಬ್ಬನೇ ನೋಡುತ್ತಾನೆ. ಬೈಯುವ ಹಿರಿಯರು ಅಲ್ಲಿಲ್ಲ.

ಈ ಸೂತ್ರ ಅಮೆರಿಕದಲ್ಲೇ ನಿಂತಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಸಂಜೆಯ ಸುದ್ದಿ ಚರ್ಚೆಗಳನ್ನು ಒಮ್ಮೆ ನೋಡಿ. ಟೋಪಿ ಹಾಕಿದ ಒಬ್ಬರನ್ನು ಕರೆದು ಮೂಲೆಯ ಚೌಕದಲ್ಲಿ ಕೂರಿಸುತ್ತಾರೆ. ಅವರು ಬಾಯಿ ತೆರೆದರೆ ಮೂವರು ಕೂಗುತ್ತಾರೆ, ನಿರೂಪಕರು ರೆಫ್ರಿಯಂತೆ ಬೆನ್ನು ತಿರುಗಿಸುತ್ತಾರೆ. ಯಾರು ಬೀಳಬೇಕೆಂಬುದು ಮೊದಲೇ ತೀರ್ಮಾನವಾಗಿದೆ. 2020ರ ಕೊರೊನಾ ದಿನಗಳಲ್ಲಿ ತಬ್ಲೀಗಿನ ಹೆಸರಿನಲ್ಲಿ ಇದೇ ಆಟ ವಾರಗಟ್ಟಲೆ ನಡೆಯಿತು. 2021ರಲ್ಲಿ ಸುದ್ದಿವಾಹಿನಿಗಳದೇ ಸ್ವನಿಯಂತ್ರಣ ಪ್ರಾಧಿಕಾರ ಎರಡು ಕನ್ನಡ ವಾಹಿನಿಗಳಿಗೆ ದಂಡ ವಿಧಿಸಿತು. ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ. ಅಷ್ಟು ದಿನದ ಆಟಕ್ಕೆ ಅದು ಟಿಕೆಟಿನ ದುಡ್ಡೂ ಅಲ್ಲ. ಆ ಚೌಕದಲ್ಲಿ ಹೋಗಿ ಕೂರುವ ನಮ್ಮವರಿಗೂ ಒಂದು ಮಾತು: ನೀವು ವಾದಿಸಲು ಹೋಗುತ್ತಿದ್ದೀರಿ, ಅವರು ನಿಮ್ಮನ್ನು ಬೀಳಲು ಕರೆಯುತ್ತಿದ್ದಾರೆ.

ಇನ್ನು ನಮ್ಮ ಮನೆಯ ವಿಷಯ. ನಮ್ಮನ್ನು ಖಳರನ್ನಾಗಿ ಮಾರಿದ ಕಂಪೆನಿಗೆ ಇಂದು ದೊಡ್ಡ ಗಿರಾಕಿ ಯಾರು? ಎರಡು ಪವಿತ್ರ ಮಸೀದಿಗಳ ಸೇವಕರೆಂದು ಕರೆದುಕೊಳ್ಳುವವರ ಸರಕಾರ. 2018ರಲ್ಲಿ ಸೌದಿ ಅರೇಬಿಯಾ ಆ ಕಂಪೆನಿಯ ಜೊತೆ 10 ವರ್ಷದ ಒಪ್ಪಂದ ಮಾಡಿಕೊಂಡಿತು. ಅದೇ ಏಪ್ರಿಲಿನಲ್ಲಿ ಜಿದ್ದಾದ ಮೊದಲ ಪ್ರದರ್ಶನದಲ್ಲಿ ಇರಾನಿನ ಬಾವುಟ ಹಿಡಿದ ಇಬ್ಬರು ಅಣ್ಣತಮ್ಮಂದಿರನ್ನು ಸೌದಿ ಯುವಕರಿಂದ ಹೊಡೆಸಿದರು. ಜನ ಕೇಕೆ ಹಾಕಿದರು. ಆ ಇಬ್ಬರಲ್ಲಿ ಅಣ್ಣ ಯಾರು ಗೊತ್ತೇ? 2005ರಲ್ಲಿ 'ಮುಹಮ್ಮದ್ ಹಸನ್' ಪಕ್ಕದಲ್ಲಿ ಸಹಾಯಕನಾಗಿ ನಿಂತಿದ್ದವನೇ. ಅಮೆರಿಕದಲ್ಲಿ ಎಲ್ಲ ಮುಸ್ಲಿಮರ ಪರವಾಗಿ ಏಟು ತಿಂದವನು ಜಿದ್ದಾದಲ್ಲಿ ಮುಸ್ಲಿಮರ ಕೈಯಲ್ಲೇ ಏಟು ತಿಂದ. 2018ರ ಅಕ್ಟೋಬರ್ 2ರಂದು ಪತ್ರಕರ್ತ ಜಮಾಲ್ ಖಶೋಗ್ಗಿ ಇಸ್ತಾಂಬುಲ್‌ನ ಸೌದಿ ದೂತಾವಾಸದೊಳಗೆ ಕೊಲೆಯಾದರು. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 2ರಂದು, ರಿಯಾದ್‌ನಲ್ಲಿ ಕುಸ್ತಿಯ ದೀಪ ಬೆಳಗಿತು. ಒಬ್ಬಿಬ್ಬರು ಆಟಗಾರರು ಹೋಗಲು ಒಪ್ಪಲಿಲ್ಲ, ಕಂಪೆನಿ ಹೋಯಿತು. 2026ರ ಜನವರಿಯ ರಾಯಲ್ ರಂಬಲ್ ಅಲ್ಲೇ ನಡೆಯಿತು. 2027ರ ರೆಸಲ್‌ಮೇನಿಯಾವನ್ನೂ ಅಲ್ಲಿಗೇ ಕೊಟ್ಟಿರುವುದಾಗಿ 2025ರಲ್ಲೇ ಸಾರಿದ್ದಾರೆ. ಖಳನ ಪಾತ್ರ ಬೇಡವೆಂದು ಹೇಳುವ ಶಕ್ತಿ ಇದ್ದ ಹಣ, ಆ ಪಾತ್ರವನ್ನು ನೆರೆಮನೆಯವನಿಗೆ ವರ್ಗಾಯಿಸಲು ಖರ್ಚಾಯಿತು.

ಈಗ ನಮ್ಮ ಮಟ್ಟಿಗೆ ಬರೋಣ. ಮೈಸೂರು ಸೀಮೆಯ ಗರಡಿಯಲ್ಲಿ ಕಲಿಸುವವನಿಗೆ ಉಸ್ತಾದ್ ಎನ್ನುತ್ತಾರೆ, ಕಲಿತವನಿಗೆ ಪೈಲ್ವಾನ್ ಎನ್ನುತ್ತಾರೆ. ಉಸ್ತಾದರು ಗೌಡರಿರಲಿ, ನಾಯಕರಿರಲಿ, ಸಾಬರಿರಲಿ, ಹೆಸರು ಅದೇ. ಹನುಮಂತನ ಪಟದ ಕೆಳಗಿನ ಕೆಮ್ಮಣ್ಣಿನಲ್ಲಿ ನಮ್ಮ ಹಿರಿಯರು ಸಾಮು ಮಾಡಿ ಮಣ್ಣು ಹಣೆಗೆ ಹಚ್ಚಿಕೊಂಡರು. ಯಾರ ಈಮಾನೂ ಕರಗಲಿಲ್ಲ, ಯಾರ ಮಡಿಯೂ ಕೆಡಲಿಲ್ಲ. ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಎಲ್ಲರೆದುರು ಇಬ್ಬರನ್ನು ನಿಲ್ಲಿಸಿ ತೂಕ, ಮೈಕಟ್ಟು, ಹಿಂದಿನ ಕುಸ್ತಿ ನೋಡಿ ಜೊತೆ ಮಾಡುತ್ತಾರೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ನಿಲ್ಲುತ್ತದೆ. ಇನ್ನೊಂದೆಡೆ, 1999ರಲ್ಲಿ ಓವೆನ್ ಹಾರ್ಟ್ ಎಂಬ ಆಟಗಾರ ಮೇಲಿನಿಂದ ಇಳಿಯುವಾಗ ರಿಂಗಿನೊಳಗೆ ಬಿದ್ದು ಸತ್ತ. ಆ ಪ್ರದರ್ಶನ ನಿಲ್ಲಲಿಲ್ಲ.

ಗರಡಿಯನ್ನು ಹೊಗಳಿ ಸ್ವರ್ಗ ಮಾಡಲು ನಾವು ಹೊರಟಿಲ್ಲ. ಅಲ್ಲೂ ಜಗಳವಿದೆ, ಬಾಜಿಯಿದೆ, ಒಳಒಪ್ಪಂದದ ಕುಸ್ತಿಯೂ ಇದೆ. ಹೆಣ್ಣುಮಕ್ಕಳನ್ನು ಬಹುಕಾಲ ಹೊರಗಿಟ್ಟಿದ್ದೆವು, ಈಗ ಅವರಿಗೆ 'ದಸರಾ ಕಿಶೋರಿ' ಪಟ್ಟವಿದೆ. ಆದರೆ ಜಂಬೂಸವಾರಿಗೆ ಸಾಲುಗಟ್ಟಿ ನಿಲ್ಲುವ ಕ್ಯಾಮೆರಾಗಳ ಬೆಳಕು, ಹುಣಸೂರು ಸೀಮೆಯವರೇ ಆದ ದೇವರಾಜ ಅರಸರ ಹೆಸರಿನ ಕ್ರೀಡಾಂಗಣದ ಆ ಮಣ್ಣಿನ ಮೇಲೆ ಅಷ್ಟಾಗಿ ಬೀಳುವುದಿಲ್ಲ. ಹಳ್ಳಿಯ ಆಟ ಟಿವಿಗೆ ಒಗ್ಗದು ಎನ್ನುವ ನೆಪ ಬೇಡ. 2014ರಲ್ಲಿ ಪ್ರೊ ಕಬಡ್ಡಿ ಬಂದು ಆ ನೆಪವನ್ನು ಮಣ್ಣು ಮಾಡಿದೆ. 2015ರಲ್ಲಿ ಬಂದ ಪ್ರೊ ರೆಸ್ಲಿಂಗ್ ಲೀಗ್‌ನಲ್ಲಿ ಬೆಂಗಳೂರಿನ ತಂಡವೂ ಇತ್ತು. ಅದು 2019ರ ನಂತರ ಹಲವು ವರ್ಷ ನಿಂತೇಹೋಯಿತು. ಬೆನ್ನು ತಟ್ಟುವವರು ಬೇಕಿತ್ತು.

ಆದ್ದರಿಂದ ಸರಕಾರಕ್ಕೆ ನಮ್ಮ ಮಾತು: ದಸರಾ ಕುಸ್ತಿಯನ್ನು ಜೋಡಿ ಕಟ್ಟುವ ದಿನದಿಂದ ಕೊನೆಯ ಪಂದ್ಯದವರೆಗೆ, ಪಟ್ಟುಗಳ ಹೆಸರು ಬಲ್ಲವರ ಕನ್ನಡ ವಿವರಣೆಯೊಂದಿಗೆ ಪ್ರಸಾರ ಮಾಡಿ. ಹಕ್ಕಿನಿಂದ ದುಡ್ಡು ಬಂದರೆ ಪೈಲ್ವಾನರ ಹಾಲು ಬಾದಾಮಿಗೂ ಗರಡಿಯ ಹೆಂಚಿಗೂ ಪಾಲು ಕೊಡಿ. ಜಮಾತಿನ ಹಿರಿಯರಿಗೆ ನಮ್ಮ ಮಾತು: ಟಿವಿ ಹರಾಮ್ ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ, ಹುಡುಗರ ಮೊಬೈಲು ನಿಮ್ಮನ್ನು ಕೇಳುವುದಿಲ್ಲ. ಲಕ್ಷಗಟ್ಟಲೆ ಸುರಿದು ಕಟ್ಟಿದ ಶಾದಿಮಹಲಿನ ಹಿಂದೆ ಇಪ್ಪತ್ತಡಿ ಮಟ್ಟಿ ಹಾಕಿಸಿ, ಊರಿನ ಎಲ್ಲ ಮಕ್ಕಳಿಗೂ ಬಾಗಿಲು ತೆರೆಯಿರಿ. ತಂದೆತಾಯಂದಿರಿಗೆ: ಕಸಿದುಕೊಳ್ಳುವ ಮೊದಲು ಒಂದು ದಿನ ಪಕ್ಕದಲ್ಲಿ ಕೂತು ನೋಡಿ, ಬೈಯಬೇಕಾದಲ್ಲಿ ಬೈಯಿರಿ.

ಮರುದಿನ ಸಂಜೆ ನಾವೂ ಬ್ಯಾರನ್ನಿನ ಹತ್ತಿರ ಹೋದೆವು. 'ಮುಹಮ್ಮದ್ ಹಸನ್' ಎಂಬವನು ಇಟಲಿಯವರ ಮಗ ಎಂದಾಗ ಹುಡುಗರು ಬಿದ್ದುಬಿದ್ದು ನಕ್ಕರು. ಆಮೇಲೆ ಹೇಳಿದೆವು: "ಆಡ್ರೋ, ಬೇಡ ಅನ್ನಲ್ಲ. ಆದ್ರೆ ಜೋಡಿ ಕಟ್ಟೋದಾದ್ರೆ ತೂಕ ನೋಡಿ ಕಟ್ಟಿ, ಹೆಸರು ನೋಡಿ ಕಟ್ಟಬೇಡಿ." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಹೊಗೆಸೊಪ್ಪು ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬನೇ ಹತ್ತಿ ನಿಲ್ಲುತ್ತಿದ್ದ. ತಂಗಿಯ ಮಗ ಸಾಲಿನಲ್ಲಿ ಮೂರನೆಯವನು.