ಹಾಸಿಗೆಗೆ ಹಣವುಂಟು, ಉಸಿರಿಗಿಲ್ಲ

ದಮ್ಮು, ಉಬ್ಬಸ, ಗೂರಲು ಎಂಬ ಮಾತುಗಳು ಕನ್ನಡ ನಾಡಿನ ಹಳ್ಳಿಗಳಲ್ಲಿ ಕಾಯಿಲೆಯ ಹೆಸರುಗಳಾಗಿ ಉಳಿದಿಲ್ಲ. ಅವು ವಯಸ್ಸಿನ ಗುರುತುಗಳಾಗಿಬಿಟ್ಟಿವೆ. ತಲೆ ನರೆತಂತೆ ದಮ್ಮೂ ಬರುತ್ತದೆ ಎಂದು ನಂಬಿದ ಮನೆಯಲ್ಲಿ ಅದಕ್ಕೆ ಚಿಕಿತ್ಸೆ ಕೇಳುವವರು ಕಡಿಮೆ. ಕೇಳದವರಿಗೆ ಕೊಡಬೇಕಾದ ಒತ್ತಡ ಸರ್ಕಾರಕ್ಕೂ ಇಲ್ಲ. ಆದರೆ ಅಂಕಿಅಂಶ ಬೇರೆಯದನ್ನೇ ಹೇಳುತ್ತದೆ. 2018ರಲ್ಲಿ ‘ದ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆ ಇತ್ತು. ಆ ವರ್ಷದ ಒಟ್ಟು ಸಾವುಗಳಲ್ಲಿ ಶೇ. 8.7ಕ್ಕೆ ಅದೇ ಕಾರಣ. ಜಗತ್ತಿನ ಜನಸಂಖ್ಯೆಯಲ್ಲಿ ಭಾರತದ ಪಾಲು ಶೇ. 18, ದೀರ್ಘಕಾಲಿಕ ಉಸಿರಾಟದ ಕಾಯಿಲೆಗಳ ಹೊರೆಯಲ್ಲಿ ಅದರ ಪಾಲು ಶೇ. 32.

ಈ ಹೊರೆ ಎಲ್ಲರ ಹೆಗಲ ಮೇಲೂ ಸಮನಾಗಿ ಬಿದ್ದಿಲ್ಲ. ಸಿಒಪಿಡಿ ಎಂದರೆ ಬೀಡಿ ಸಿಗರೇಟು ಸೇದುವವರ ಕಾಯಿಲೆ ಎಂಬ ತಿಳಿವಳಿಕೆ ಅರ್ಧಸತ್ಯ. ಒಮ್ಮೆಯೂ ಬೀಡಿ ಮುಟ್ಟದ ಹೆಂಗಸರು ಸೌದೆ, ಬೆರಣಿ, ಕಡ್ಡಿಯ ಒಲೆಯ ಮುಂದೆ ಶ್ವಾಸಕೋಶ ಕಳೆದುಕೊಂಡಿದ್ದಾರೆ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ನಡುವೆ ನಡೆದ ಅಧ್ಯಯನವೊಂದು ಇದನ್ನು ಲೆಕ್ಕಕ್ಕೆ ಇಳಿಸಿತು. ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲಿಕ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗಿ ಏರುತ್ತದೆ ಎಂಬುದು ಅದರ ನಿಷ್ಕರ್ಷೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ: ಹದಿನೆಂಟಕ್ಕೆ ಮದುವೆಯಾಗಿ ಬಂದವಳು ಮೂವತ್ತೆಂಟಕ್ಕೆ ಆ ಗಡಿಯನ್ನು ತಲುಪುತ್ತಾಳೆ.

ಇನ್ನೊಂದು ದಾರಿ ದೂಳಿನದು. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರ ಸಿಲಿಕೋಸಿಸ್ ಸ್ವಾತಂತ್ರ್ಯಕ್ಕೂ ಮುಂಚೆಯೇ ದಾಖಲಾಗಿತ್ತು. 1940ರಲ್ಲಿ ಮೈಸೂರು ಸಂಸ್ಥಾನ ಅದಕ್ಕಾಗಿಯೇ ನಿಯಮಾವಳಿ ರೂಪಿಸಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆ ಕಂಡುಬಂತು. 2001ರಲ್ಲಿ ಗಣಿ ಮುಚ್ಚಿತು. ಆದರೆ ಒಳಹೊಕ್ಕ ಸಿಲಿಕಾ ಶ್ವಾಸಕೋಶವನ್ನು ಬಿಟ್ಟು ಹೋಗುವುದಿಲ್ಲ, ಗಣಿ ಮುಚ್ಚಿದ ಮೇಲೂ ಅದು ತನ್ನ ಕೆಲಸ ಮುಂದುವರಿಸುತ್ತದೆ. ಕಲ್ಲುಕ್ವಾರಿ, ಕ್ರಷರ್‌ಗಳ ಗುತ್ತಿಗೆ ಕೂಲಿಗಳು ಇಂದು ಉಸಿರಾಡುತ್ತಿರುವುದೂ ಅದೇ ದೂಳನ್ನು.

ಇಂಥವರಿಗೆ ವ್ಯವಸ್ಥೆ ಏನು ಕೊಡುತ್ತದೆ? ತುಂಡುತುಂಡಾಗಿ ನೋಡಿದರೆ ಎಲ್ಲವೂ ಇದೆ. ಕ್ಷಯಕ್ಕೆ ರಾಷ್ಟ್ರೀಯ ಕಾರ್ಯಕ್ರಮವಿದೆ. ಅದರ ಗಮನ ಮುಖ್ಯವಾಗಿ ಕ್ಷಯವನ್ನು ವಾಸಿಮಾಡುವುದರ ಮೇಲೆ, ಕ್ಷಯ ಬಿಟ್ಟುಹೋದ ಕಲೆಗಳಿಂದ ಮುಂದೆ ಉಸಿರು ಕಟ್ಟುವುದಕ್ಕೆ ಅದರಲ್ಲಿ ಸಿಗುವ ಜಾಗ ಕಡಿಮೆ. ಒಲೆಯ ಹೊಗೆಗೆ 2016ರಿಂದ ಉಜ್ವಲಾ ಯೋಜನೆಯಿದೆ; ಮೊದಲ ಸಿಲಿಂಡರ್ ಮುಗಿದ ಮೇಲೆ ಎರಡನೆಯದನ್ನು ತುಂಬಿಸಲಾಗದ ಮನೆಗಳಲ್ಲಿ ಒಲೆ ಮತ್ತೆ ಹೊತ್ತುತ್ತದೆ. ದೂಳು ಕಾರ್ಮಿಕ ಇಲಾಖೆಗೆ ಸೇರಿದ್ದು. ಆಸ್ಪತ್ರೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ: ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಆದರೆ ಆ ವಿಮೆಯ ಹಣ ಹರಿಯುವುದು ಮುಖ್ಯವಾಗಿ ದಾಖಲಾದವರಿಗೆ. ಉಸಿರು ಸಿಕ್ಕಿಹಾಕಿಕೊಂಡು ತುರ್ತು ಘಟಕಕ್ಕೆ ಬಂದರೆ ಹಾಸಿಗೆಗೆ ಹಣವುಂಟು. ಅಲ್ಲಿಗೆ ಬರದಂತೆ ತಡೆಯುವ ಇನ್‌ಹೇಲರನ್ನು ತಿಂಗಳು ತಿಂಗಳು ಕೊಳ್ಳಬೇಕಾದದ್ದು ರೋಗಿಯ ಜೇಬಿನಿಂದ. ಕೂಲಿ ತಪ್ಪಿದ ತಿಂಗಳು ಇನ್‌ಹೇಲರೂ ತಪ್ಪುತ್ತದೆ. ಮುಂದಿನ ತಿಂಗಳು ಅದೇ ರೋಗಿ ಮತ್ತೆ ಅದೇ ವಾರ್ಡಿನಲ್ಲಿರುತ್ತಾನೆ. ಇದು ರೋಗಿಯ ಅಸಡ್ಡೆಯಲ್ಲ, ಹಣ ಹರಿಯುವ ದಿಕ್ಕಿನ ಫಲ.

ಸಮಗ್ರ ಆರೈಕೆ ಎಂಬ ಮಾತು ಈ ತುಂಡುಗಳನ್ನು ಹೊಲಿಯುವುದಕ್ಕೆ ಹುಟ್ಟಿದ್ದು. ವೈದ್ಯರು, ದಾದಿ, ಫಿಸಿಯೋಥೆರಪಿಸ್ಟ್, ಊರಿನ ಆರೋಗ್ಯ ಕಾರ್ಯಕರ್ತೆ ಒಂದೇ ಯೋಜನೆಯಂತೆ ಒಬ್ಬ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ಅದರ ತಿರುಳು. 2021ರ ಕಾಕ್ರೇನ್ ಪರಾಮರ್ಶೆ 52 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು: ಇಂಥ ಆರೈಕೆ ಪಡೆದವರ ಜೀವನ ಸುಧಾರಿಸಿತು, ನಡೆಯುವ ಶಕ್ತಿ ಹೆಚ್ಚಿತು, ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇನ್‌ಹೇಲರ್‌ಗೂ ಮುಂಚೆ ಐದು ಸಂಗತಿಗಳನ್ನು ಇಡುತ್ತದೆ: ಧೂಮಪಾನ ಬಿಡಲು ನೆರವು, ಲಸಿಕೆ, ಶ್ವಾಸಕೋಶ ಪುನಶ್ಚೇತನ, ರೋಗಿಗೇ ತಿಳಿಯುವಂಥ ಸ್ವ-ಆರೈಕೆಯ ಯೋಜನೆ, ಜೊತೆಗಿರುವ ಇತರ ಕಾಯಿಲೆಗಳ ಚಿಕಿತ್ಸೆ. ಪುನಶ್ಚೇತನವೆಂದರೆ ಕೆಲವು ವಾರಗಳ ಕಾಲ ಮೇಲ್ವಿಚಾರಣೆಯಲ್ಲಿ ನಡಿಗೆ, ವ್ಯಾಯಾಮ, ತಿಳಿವಳಿಕೆ. ಅದಕ್ಕೆ ಬೇಕಾದದ್ದು ಒಂದು ಕೋಣೆ, ಒಂದು ಓಣಿ, ತರಬೇತಿ ಪಡೆದ ಒಬ್ಬ ಮನುಷ್ಯ.

ಹಾಗೆಂದು ಬ್ರಿಟನ್ನನ್ನು ಮಾದರಿಯೆಂದು ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಔಷಧಚೀಟಿಗೆ ಶುಲ್ಕವಿಲ್ಲ. ಇಂಗ್ಲೆಂಡಿನಲ್ಲಿ ದುಡಿಯುವ ವಯಸ್ಸಿನ ಸಿಒಪಿಡಿ ರೋಗಿಗೆ ಆ ಕಾಯಿಲೆಯ ಹೆಸರಿನಲ್ಲಿ ವಿನಾಯಿತಿ ಇಲ್ಲ. ಶ್ರೀಮಂತ ದೇಶದಲ್ಲಿಯೂ ಉಸಿರಿಗೆ ಬೆಲೆ ಕಟ್ಟುವ ಚೌಕಾಸಿ ಮುಗಿದಿಲ್ಲ. ಅನಿವಾಸಿ ಕನ್ನಡಿಗರು ತಾವು ನೆಲೆಸಿದ ನಾಡಿನಲ್ಲಿ ಈ ಹೋರಾಟಕ್ಕೆ ದನಿಗೂಡಿಸಬೇಕಾದದ್ದು ಅದಕ್ಕಾಗಿಯೇ.

ಬಡ ರಾಜ್ಯಕ್ಕೆ ಇದೆಲ್ಲ ನಿಲುಕದ್ದು ಎಂಬ ಆಕ್ಷೇಪವಿದೆ. ಸ್ಪೈರೋಮೀಟರ್ ಇಲ್ಲ, ಊದಿಸಿ ನೋಡುವವರಿಲ್ಲ, ಡೆಂಗಿ, ಕ್ಷಯಗಳ ನಡುವೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪುರುಸೊತ್ತಿಲ್ಲ. ಈ ಮಾತನ್ನು ಸುಳ್ಳೆನ್ನಲಾಗದು. ಆದರೆ ಉತ್ತರ ದೂರದಲ್ಲಿಲ್ಲ. ಕೇರಳವು ತನ್ನ ಆರ್ದ್ರಂ ಮಿಷನ್ನಿನ ಭಾಗವಾಗಿ ‘ಶ್ವಾಸ್’ ಕ್ಲಿನಿಕ್‌ಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಲ್ಲಿಯೇ ತೆರೆಯಿತು. ಸ್ಪೈರೋಮೆಟ್ರಿ, ಇನ್‌ಹೇಲರ್, ಪುನಶ್ಚೇತನಗಳನ್ನು ಪ್ರಾಥಮಿಕ ಹಂತಕ್ಕೆ ಇಳಿಸಿತು. ಕೊಡಗಿನ, ದಕ್ಷಿಣ ಕನ್ನಡದ ಗಡಿಯಾಚೆ ಆಗುವುದು ಈಚೆ ಏಕೆ ಆಗದು? ದೂಳಿನ ಕಾಯಿಲೆಯ ವಿಷಯದಲ್ಲಿ ರಾಜಸ್ಥಾನ 2019ರಲ್ಲಿ ಪತ್ತೆ, ಪರಿಹಾರ, ಪಿಂಚಣಿ, ಪುನರ್ವಸತಿಗಳನ್ನು ಒಂದೇ ನೀತಿಯಡಿ ತಂದಿತು. ಸಿಲಿಕೋಸಿಸ್‌ಗೆ 1940ರಲ್ಲಿಯೇ ನಿಯಮ ಬರೆದ ನಾಡು ಈ ಎರಡೂ ರಾಜ್ಯಗಳಿಂದ ಕಲಿಯಬೇಕಾಗಿ ಬಂದಿರುವುದು ನಾಚಿಕೆಯ ಸಂಗತಿ. ಕಲಿಯದೆ ಇರುವುದು ಇನ್ನೂ ದೊಡ್ಡ ನಾಚಿಕೆ.

ಅನಿವಾಸಿಗಳ ಔದಾರ್ಯದ ಬಗೆಗೂ ಒಂದು ಮಾತು ಆಡಬೇಕಿದೆ. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಆ ದಿನಗಳಲ್ಲಿ ಹೊರದೇಶಗಳ ಭಾರತೀಯರು ಹಣ ಕೂಡಿಸಿ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳನ್ನು ಕಳಿಸಿದರು. ಅದು ಸಣ್ಣ ಕೆಲಸವಲ್ಲ. ಆದರೆ ಅದೇ ಯಂತ್ರ ಕೋವಿಡ್ ಮುಗಿದ ಮೇಲೂ ಜೀವ ಉಳಿಸಬಲ್ಲುದು: ರಕ್ತದಲ್ಲಿ ಆಮ್ಲಜನಕ ತೀರ ಇಳಿದಿರುವ ಸಿಒಪಿಡಿ ರೋಗಿ ಮನೆಯಲ್ಲಿ ದಿನಕ್ಕೆ 15 ಗಂಟೆ ಅದನ್ನು ಬಳಸಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಬ್ರಿಟಿಷ್ ಪ್ರಯೋಗವೊಂದು 1981ರಲ್ಲಿಯೇ ತೋರಿಸಿತ್ತು. ಅದಕ್ಕೆ ಯಂತ್ರವೊಂದೇ ಸಾಲದು. ಯಾರಿಗೆ ಬೇಕೆಂದು ಅಳೆಯುವ ದಾದಿ, ಕಡಿತವಾಗದ ವಿದ್ಯುತ್ತು, ಅದರ ಬಿಲ್ಲು ಕಟ್ಟುವ ಕೈ, ಕೆಟ್ಟಾಗ ರಿಪೇರಿ ಮಾಡುವ ತಂತ್ರಜ್ಞ ಬೇಕು. ವಿಮಾನದಲ್ಲಿ ಕಳಿಸಬಹುದಾದದ್ದು ಯಂತ್ರ. ಉಳಿದದ್ದನ್ನು ರಾಜಕೀಯದಿಂದಲೇ ಕೇಳಿ ಪಡೆಯಬೇಕು.

ಹಾಗೆ ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕಲ್ಲನ್ನು ಕೊಯ್ಯುವ ಯುವಕರು ಸಿಲಿಕೋಸಿಸ್‌ಗೆ ತುತ್ತಾದಾಗ ಅಲ್ಲಿನ ಕಾರ್ಮಿಕ ಸಂಘಟನೆಗಳು, ವೈದ್ಯರು ಒಟ್ಟಾಗಿ ಒತ್ತಾಯಿಸಿದರು. 2024ರ ಜುಲೈ 1ರಿಂದ ಆ ಕಲ್ಲಿನ ಬಳಕೆಯೇ ನಿಷಿದ್ಧವಾಯಿತು. ದೂಳನ್ನು ತಡೆಯುವುದೇ ಆರೈಕೆಯ ಮೊದಲ ಮೆಟ್ಟಿಲು ಎಂಬುದನ್ನು ಆ ಕಾನೂನು ಒಪ್ಪಿಕೊಂಡಿತು.

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಶ್ವಾಸಕೋಶದ ಆರೋಗ್ಯಕ್ಕೆ ಸಮಗ್ರ ವಿಧಾನ ಬೇಕೆಂಬ ನಿರ್ಣಯ ಅಂಗೀಕರಿಸಿತು. ನಿರ್ಣಯಗಳು ತಾವಾಗಿ ಹಳ್ಳಿ ತಲುಪುವುದಿಲ್ಲ. ಪ್ರತಿ ತಾಲ್ಲೂಕಿಗೆ ಒಂದು ಸ್ಪೈರೋಮೀಟರ್ ಮತ್ತು ಅದನ್ನು ಬಳಸಬಲ್ಲ ಸಿಬ್ಬಂದಿ; ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಪ್ಪದೆ ಉಚಿತ ಇನ್‌ಹೇಲರ್; ಜಿಲ್ಲಾ ಆಸ್ಪತ್ರೆಯಲ್ಲಿ ಪುನಶ್ಚೇತನ ಕೇಂದ್ರ; ಕ್ಷಯ ಮುಗಿಸಿದ ಪ್ರತಿಯೊಬ್ಬರಿಗೂ ಶ್ವಾಸಕೋಶ ಪರೀಕ್ಷೆ; ಕ್ವಾರಿ ಕೂಲಿಗಳ ದೂಳಿಗೆ ಮಾಲೀಕರ ಹೊಣೆ. ಈ ಐದನ್ನು ಊರಿಗೆ ಹೋದಾಗ ಶಾಸಕರ ಮುಂದೆ, ಸಚಿವರು ಹೊರದೇಶದ ಕನ್ನಡ ಸಮ್ಮೇಳನಗಳಿಗೆ ಬಂದಾಗ ಅವರ ಮುಂದೆ ಇಡಬಹುದು. ಶಾಲು ಹೊದಿಸಿ ಹಾರ ಹಾಕುವ ಆ ಐದು ನಿಮಿಷಗಳಲ್ಲಿ ಈ ಐದು ಪ್ರಶ್ನೆಗಳಿಗೂ ಜಾಗವಿದೆ.