ಟಿ.ಸಿ. ಸುಡುವ ಮೊದಲೇ ಲೆಕ್ಕ ಆಗಲಿ

ಬೇಸಿಗೆ ಬಂತೆಂದರೆ ಬೀದರ ಜಿಲ್ಲೆಯ ಬಸ್ಸುಗಳಲ್ಲಿ ಕೇಳಿಬರುವ ಮಾತು ಒಂದೇ: "ನಮ್ಮೂರ ಟಿ.ಸಿ. ಸುಟ್ಟದ, ಕರೆಂಟ್ ಯಾವಾಗ ಬರ್ತದೋ!" ನಿರ್ಣಾದಂಥ ಊರಲ್ಲಿ ಊರೊಳಗಿನ ಟಿ.ಸಿ. ಹೋದರೆ ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಕಿರಾಣಿ ಅಂಗಡಿಯ ಫ್ರಿಜ್ಜು ಎಲ್ಲವೂ ಬಂದ್. ಹೊಲದ ಟಿ.ಸಿ. ಹೋದರೆ ಕಬ್ಬು ಒಣಗುತ್ತದೆ. ರೈತನ ಕೈ ಬರಿದಾದರೆ ಪೇಟೆಯ ಗಲ್ಲಾಪೆಟ್ಟಿಗೆಯೂ ಬರಿದೇ.

ಗ್ರಾಮಾಂತರದಲ್ಲಿ ಸುಟ್ಟ ಟಿ.ಸಿ.ಯನ್ನು 72 ಗಂಟೆಯೊಳಗೆ ಬದಲಿಸಬೇಕೆಂಬುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮ. ಅದು ಪಾಲನೆಯಾಗಲೇಬೇಕು. ಆದರೆ ಭಾರ ತಾಳದೆ ಸುಟ್ಟ ಟಿ.ಸಿ.ಯ ಜಾಗಕ್ಕೆ ಅಷ್ಟೇ ಶಕ್ತಿಯದನ್ನು ತಂದು ಕೂಡಿಸಿದರೆ ಅದೂ ಇಂದಲ್ಲ ನಾಳೆ ಸುಡುವುದೇ.

ಲೆಕ್ಕ ಸರಳ. 5 ಎಚ್.ಪಿ. ಪಂಪೊಂದು ಸುಮಾರು 5ರಿಂದ 6 ಕೆ.ವಿ.ಎ. ಎಳೆಯುತ್ತದೆ. 25 ಕೆ.ವಿ.ಎ. ಟಿ.ಸಿ. ಇಂಥ ನಾಲ್ಕನ್ನು ಹೊರಬಲ್ಲದು. ಏಳೆಂಟು ಪಂಪು ಜೋಡಿಸಿದರೆ 63ರದೇ ಬೇಕು. ಸಾಲದ್ದಕ್ಕೆ ಮೋಟಾರು ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರಿನ ಪಂಪುಗಳೆಲ್ಲ ಒಮ್ಮೆಲೇ ಎದ್ದರೆ ಟಿ.ಸಿ.ಯ ಗತಿ ಏನು? ಮಿತಿ ಮೀರಿ ಸುಮಾರು 6 ಡಿಗ್ರಿ ಬಿಸಿ ಏರಿದರೂ ಒಳಗಿನ ಕಾಗದದ ಹೊದಿಕೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ.

"ಹಾಗಾದ್ರ ಎಲ್ಲಾ ಕಡೆ ದೊಡ್ಡದೇ ಹಾಕ್ರಿ" ಎನ್ನುವವರೂ ಉಂಟು. ಅದೂ ಸರಿಯಲ್ಲ. ದೊಡ್ಡ ಟಿ.ಸಿ.ಗೆ ದುಡ್ಡೂ ಹೆಚ್ಚು. ಕೆಲಸವಿರಲಿ ಬಿಡಲಿ, ಲೈನಿನಲ್ಲಿ ಕರೆಂಟು ಇರುವಷ್ಟು ಹೊತ್ತು ಅದು ತನ್ನ ಪಾಲಿನ ವಿದ್ಯುತ್ ತಿನ್ನುತ್ತಲೇ ಇರುತ್ತದೆ. ಅಂಗಿಯನ್ನು ಮೈ ಅಳೆದು ಹೊಲಿಸುವಂತೆ ಟಿ.ಸಿ.ಯನ್ನು ಲೋಡು ಅಳೆದೇ ಕೂಡಿಸಬೇಕು.

ಅಳೆಯುವುದು ಜೆಸ್ಕಾಂ ಕೆಲಸ, ನಿಜ ಹೇಳುವುದು ಗ್ರಾಹಕರ ಕೆಲಸ. ಕಾಗದದಲ್ಲಿ 5 ಎಚ್.ಪಿ. ಬರೆಸಿ ಬೋರ್‌ವೆಲ್‌ಗೆ ಏಳೂವರೆ ಇಳಿಸಿದರೆ ಲೆಕ್ಕ ಕೂಡುವುದು ಹೇಗೆ? 10 ಎಚ್.ಪಿ.ವರೆಗಿನ ನೀರಾವರಿ ಪಂಪಿಗೆ ಕರೆಂಟು ಹೇಗೂ ಉಚಿತ. ಮುಚ್ಚಿಟ್ಟು ಬಿಲ್ಲಿನಲ್ಲಿ ಉಳಿಸುವುದೇನೂ ಇಲ್ಲ. ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವ ಚಾಳಿಯೂ ನಿಲ್ಲಲಿ. ಹತ್ತು ರೂಪಾಯಿಯ ಫ್ಯೂಸ್ ಉಳಿಸಲು ಹೋಗಿ ಇಡೀ ಟಿ.ಸಿ. ಕಳೆದುಕೊಳ್ಳುವುದು ಯಾವ ಶಾಣ್ಯಾತನ?

ಬೇಸಿಗೆಗೆ ಮೊದಲೇ ಜೆಸ್ಕಾಂ ಸಿಬ್ಬಂದಿ ಒಂದೊಂದು ಟಿ.ಸಿ.ಯ ಲೋಡನ್ನು ಪಂಪು ನಡೆಯುವ ಹೊತ್ತಿನಲ್ಲೇ ಅಳೆಯಲಿ. ಮೂರೂ ಫೇಸಿಗೆ ಭಾರ ಸಮನಾಗಿ ಹಂಚಲಿ, ಎಣ್ಣೆಯ ಮಟ್ಟ ನೋಡಲಿ. ಅಳೆದ ಲೆಕ್ಕವನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಚ್ಚಲಿ. ಹೆಚ್ಚು ಭಾರ ಬಿದ್ದ ಕಡೆ, ಸುಡುವವರೆಗೆ ಕಾಯದೆ, ತಕ್ಕ ಶಕ್ತಿಯ ಟಿ.ಸಿ. ಬರಲಿ. ಸಂಬಂಧಪಟ್ಟವರು ಇತ್ತ ಲಕ್ಷ್ಯ ಕೊಡುವರೇ?