ಎರಿ ಮಣ್ಣಿಗೆ ‘ಆಲ್ ಸೀಸನ್’ ಟಯರ್ ಇಲ್ಲ

ಮುಂಗಾರು ಹತ್ತಿರ ಬಂತೆಂದರೆ ನಮ್ಮ ಕಡೆಯ ಪಿಕಪ್ ಮಾಲೀಕರ ತಲೆಯಲ್ಲಿ ಎರಡು ಲೆಕ್ಕ ಓಡುತ್ತವೆ. ಬೀಜ-ಗೊಬ್ಬರದ್ದು ಒಂದು, ಟಯರಿನದ್ದು ಇನ್ನೊಂದು. ಅಂಗಡಿಗೆ ಹೋದರೆ ‘ಆಲ್ ಸೀಸನ್ ಹಾಕಿಸ್ರಿ, ಬ್ಯಾಸಗಿ, ಮಳಿಗಾಲ ಎಲ್ಲಾದಕ್ಕೂ ನಡೀತೈತಿ’ ಎನ್ನುತ್ತಾರೆ. ಗೆಳೆಯರು ಮೊಬೈಲಿನಲ್ಲಿ ದಪ್ಪ ಬಟನ್ ಟಯರಿನ ವಿಡಿಯೊ ತೋರಿಸಿ ‘ಇದನ್ನ ಹಾಕು, ಎಂಥಾ ಕೆಸರಾಗೂ ಎದ್ದು ಬರ್ತೈತಿ’ ಎನ್ನುತ್ತಾರೆ.

ನಮ್ಮ ಮಾತು ನೇರ. ನವಲಗುಂದದ ಹಸಿ ಎರಿ ಹೊಲದಲ್ಲಿ ನಂಬಿ ಇಳಿಸುವಂಥ ಟಯರ್ ಯಾವುದೂ ಇಲ್ಲ. ಟಯರನ್ನು ಭಾರ ಮತ್ತು ಡಾಂಬರು ರಸ್ತೆ ನೋಡಿ ಕೊಳ್ಳಬೇಕು. ಕೆಸರಿಗೆ ಬೇಕಾಗಿರುವುದು ದಾರಿ.

‘ಆಲ್ ಸೀಸನ್’ ಎಂಬ ಹೆಸರು ಹಿಮ ಬೀಳುವ ದೇಶಗಳದ್ದು. ಅಲ್ಲಿ ಬೇಸಿಗೆಗೆ ಒಂದು ಸೆಟ್, ಚಳಿಗಾಲಕ್ಕೆ ಇನ್ನೊಂದು ಸೆಟ್ ಟಯರ್ ಇಟ್ಟುಕೊಳ್ಳುವವರಿದ್ದಾರೆ. 7 ಡಿಗ್ರಿಗಿಂತ ಕೆಳಗೆ ಚಳಿ ಇಳಿದರೆ ಬೇಸಿಗೆ ಟಯರಿನ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎರಡೆರಡು ಸೆಟ್ ಬೇಡ ಎನ್ನುವವರಿಗೆ ನಡುವಿನದೊಂದು ಮಾಡಿದರು, ಅದೇ ಆಲ್ ಸೀಸನ್. ಟಯರಿನ ಮೇಲೆ ‘ಎಂ ಪ್ಲಸ್ ಎಸ್’ ಎಂದು ಕಂಡರೆ ಕೆಸರು ಮತ್ತು ಹಿಮ ಎಂದರ್ಥ. ಈ ಗುರುತನ್ನು ಕಂಪನಿ ತಾನೇ ಹಾಕಿಕೊಳ್ಳುತ್ತದೆ, ಅದಕ್ಕೆ ಎರಿ ಹೊಲದಲ್ಲಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ನಮಗೆ ಹಿಮವೂ ಇಲ್ಲ, 7 ಡಿಗ್ರಿ ಚಳಿಯ ಚಿಂತೆಯೂ ಇಲ್ಲ.

ನಮ್ಮ ಚಿಂತೆ ಎರಿ ಮಣ್ಣಿನದು. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಹಸಿ ಇದ್ದಾಗ ಅಂಟಿನಂತೆ ಹಿಡಿಯುತ್ತದೆ. ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಕಾಲು ಎಷ್ಟು ಭಾರವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಟಯರಿಗೂ ಅದೇ ಗತಿ. ಬಟನ್ ಎಷ್ಟೇ ದಪ್ಪ ಇರಲಿ, ಒಂದೆರಡು ಸುತ್ತು ತಿರುಗುವಷ್ಟರಲ್ಲಿ ಸಂದಿಯೆಲ್ಲ ಮಣ್ಣು ತುಂಬಿಕೊಂಡು ಟಯರ್ ಬೋಳಾಗುತ್ತದೆ. ಆಮೇಲೆ ತಿರುಗುವುದು ಕರಿ ಮಣ್ಣಿನ ಉಂಡೆ. ವಿಡಿಯೊದಲ್ಲಿ ಕಾಣುವ ಕೆಸರು ಬಹಳ ಸಲ ಮರಳು ಅಥವಾ ಕಲ್ಲು ಬೆರೆತದ್ದು, ಚಕ್ರ ತಿರುಗಿದಂತೆ ಉದುರಿ ಹೋಗುತ್ತದೆ. ನಮ್ಮದು ಉದುರುವುದಿಲ್ಲ.

ಇನ್ನು ನಿಮ್ಮ ಗಾಡಿ ಎಲ್ಲಿ ಹೆಚ್ಚು ಓಡುತ್ತದೆ ನೋಡಿ. ಹೊಲದಿಂದ ಡಾಂಬರಿಗೆ ಒಂದೋ ಎರಡೋ ಕಿಲೋಮೀಟರ್. ಅಲ್ಲಿಂದ ಹುಬ್ಬಳ್ಳಿ ಅಮರಗೋಳದ ಎಪಿಎಂಸಿಗೆ ನವಲಗುಂದದಿಂದ ಮೂವತ್ತೈದರ ಆಸುಪಾಸು. ದಪ್ಪ ಬಟನ್ ಟಯರ್ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಗುಂಯ್ ಎನ್ನುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದರೆ ರಸ್ತೆ ಟಯರಿನಷ್ಟು ಹಿಡಿಯುವುದೂ ಇಲ್ಲ.

ಹಾಗಾಗಿ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಸೀಮೆಯವರಿಗೆ ನೀರು ಹೊರಹಾಕುವ ಅಗಲವಾದ ಉದ್ದ ಗೀರುಗಳಿರುವ ರಸ್ತೆ ಟಯರೇ ಸರಿ. ಕಲಘಟಗಿಯ ಮಾತು ಬೇರೆ. ಅರೆಮಲೆನಾಡಿನ ಮಳೆ, ಕೆಂಪು ಮಣ್ಣು, ಗರಸಿನ ಏರು ದಾರಿ ಇರುವಲ್ಲಿ ‘ಆಲ್ ಟೆರೇನ್’ ಎನ್ನುವ ಮಧ್ಯಮ ಬಟನ್ ಟಯರಿಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಆಲ್ ಟೆರೇನ್, ಆಲ್ ಸೀಸನ್ ಎರಡೂ ಒಂದೇ ಅಲ್ಲ, ಬಿಲ್ ಮಾಡಿಸುವ ಮುಂಚೆ ಕೇಳಿಕೊಳ್ಳಿ. ಎಸ್‌ಯುವಿ ಇದ್ದವರಿಗೂ ಇದೇ ಲೆಕ್ಕ.

ಬಟನ್ ನೋಡುವ ಮೊದಲು ಅಂಕಿ ನೋಡಿ. ಟಯರಿನ ಬದಿಯಲ್ಲಿ ‘215/75 ಆರ್ 15’ ಎಂಬಂಥ ಸೈಜ್ ಇರುತ್ತದೆ. 215 ಮಿಲಿಮೀಟರ್ ಅಗಲ, ಆ ಅಗಲದ ನೂರಕ್ಕೆ 75 ಪಾಲು ಎತ್ತರ, ಆರ್ ಎಂದರೆ ರೇಡಿಯಲ್, 15 ಇಂಚಿನ ರಿಮ್. ಅದರ ಮುಂದಿನ ಅಂಕಿ ಭಾರದ್ದು. 100 ಎಂದರೆ ಒಂದು ಟಯರ್ 800 ಕೆಜಿ ಹೊರುತ್ತದೆ. 104 ಎಂದರೆ 900, 108 ಎಂದರೆ 1000. ಎರಡು ಅಂಕಿ ಇದ್ದರೆ ಮೊದಲನೆಯದು ಒಂಟಿ ಟಯರಿನದು, ಎರಡನೆಯದು ಹಿಂದೆ ಜೋಡಿ ಟಯರ್ ಇರುವ ಗಾಡಿಗೆ.

ಹಿಂದಿನ ಎರಡು ಟಯರ್ ಸೇರಿ 100ರ ಅಂಕಿಯಲ್ಲಿ 1600 ಕೆಜಿ, 108ರಲ್ಲಿ 2000 ಕೆಜಿ. ನಡುವಿನ ವ್ಯತ್ಯಾಸ 400 ಕೆಜಿ, ಅಂದರೆ 50 ಕೆಜಿಯ 8 ಚೀಲ ಉಳ್ಳಾಗಡ್ಡಿ. ಗಾಡಿಯ ಸ್ವಂತ ಭಾರವೂ ಇದರಲ್ಲೇ ಬಂತು ಎಂಬುದನ್ನು ಮರೆಯಬೇಡಿ. ಎಸ್‌ಯುವಿಗೆಂದು ಮಾಡಿದ ಟಯರ್ ಎಷ್ಟೇ ದಷ್ಟಪುಷ್ಟ ಕಂಡರೂ, ಕಂಪನಿ ನಿಮ್ಮ ಪಿಕಪ್‌ಗೆ ಕೊಟ್ಟ ಟಯರಿಗಿಂತ ಭಾರದ ಅಂಕಿ ಕಡಿಮೆ ಇದ್ದರೆ ಬೇಡ. ಅಂಕಿ ಹೆಚ್ಚಿದೆ ಎಂದು ಪಾಸಿಂಗ್ ಮೀರಿ ಹೇರುವುದೂ ಬೇಡ. ಟಯರ್ ತಡೆದರೂ ಬ್ರೇಕ್ ತಡೆಯಬೇಕಲ್ಲ.

ತಯಾರಾದ ತಾರೀಖನ್ನೂ ನೋಡಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಎಂದರೆ 2024ರ 23ನೇ ವಾರ, ಜೂನ್ ತಿಂಗಳ ಮಾಲು. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತ ಟಯರನ್ನು ‘ಹೊಸದು’ ಎಂದು ಕೊಟ್ಟರೆ ಈ ಅಂಕಿ ತೋರಿಸಿ ಮಾತಾಡಿ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಟಯರ್ ಮುಗಿಯಿತು. ಗೀರಿನೊಳಗೆ ಅಡ್ಡಲಾಗಿ ಸಣ್ಣ ದಿಂಡು ಇರುತ್ತದೆ, ಟಯರಿನ ಮೈ ಅದಕ್ಕೆ ಸಮವಾದರೆ ಬದಲಿಸಿ. ಎರಡೇ ಹೊಸ ಟಯರ್ ಕೊಳ್ಳುವ ಶಕ್ತಿ ಇದ್ದರೆ ಅವು ಹಿಂದಕ್ಕೆ ಹೋಗಲಿ. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ, ಸ್ಟೇರಿಂಗ್ ಹಿಡಿದು ಸಾವರಿಸುವುದು ಕಷ್ಟ. ಹಾಗಂತ ಮುಂದೆ ಸವೆದು ಹೋದದ್ದನ್ನೋ ರೀಟ್ರೆಡ್ ಮಾಡಿಸಿದ್ದನ್ನೋ ಇಡಬೇಡಿ. ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡಿ. ಕಡಿಮೆ ಗಾಳಿ, ಹೆಚ್ಚು ಹೇರು, ಏಪ್ರಿಲ್ ಬಿಸಿಲು ಮೂರೂ ಸೇರಿದರೆ ಎಂಥ ಹೊಸ ಟಯರೂ ಸಿಡಿಯುತ್ತದೆ.

ಇಷ್ಟು ಹೇಳುವುದಕ್ಕೆ ಕಾರಣ ಉಳ್ಳಾಗಡ್ಡಿ ಚೀಲ ಮಾತ್ರ ಅಲ್ಲ. ಕಸ ತೆಗೆಯಲು, ಹೆಸರು ಬಿಡಿಸಲು, ಹತ್ತಿ, ಮೆಣಸಿನಕಾಯಿ ಬಿಡಿಸಲು ನಮ್ಮ ಅವ್ವಂದಿರು, ಅಕ್ಕಂದಿರು ಇದೇ ಪಿಕಪ್‌ಗಳ ಹಿಂದೆ ಬುತ್ತಿ ಹಿಡಿದು ನಿಂತು ಹೋಗುತ್ತಾರೆ. ಗೂಡ್ಸ್ ಗಾಡಿಯಲ್ಲಿ ಹೀಗೆ ಜನ ಒಯ್ಯುವುದು ಕಾನೂನಿಗೆ ವಿರುದ್ಧ ಎಂಬುದು ಮಾಲೀಕರಿಗೂ ಗೊತ್ತು, ಪೊಲೀಸರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ವಿಮೆಯ ಸಂಗತಿ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಕೂತು ಹೋದವರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಮಾಲಿನ ಜೊತೆ ಹೋಗುವ ಮಾಲಿನ ಒಡೆಯ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ, ಕೂಲಿಗೆ ಹೊರಟವರಿಗೆ ಅದು ಸಿಗುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಒಂದು ಟಯರ್ ಸಿಡಿದರೆ ಒಂದು ಮನೆಯ ದುಡಿಮೆಯೇ ಹೋಗಬಹುದು. ಟಂಟಂನಲ್ಲಿ ಎರಡು ಟ್ರಿಪ್ ಆದರೂ ಸರಿ, ಕೂತು ಹೋಗುವ ಗಾಡಿ ಕೇಳುವುದು ಅವರ ಹಕ್ಕು. ಆ ಬಾಡಿಗೆಯನ್ನು ಹೊಲದ ಒಡೆಯರು ಖರ್ಚಿನ ಲೆಕ್ಕದಲ್ಲಿ ಹಿಡಿಯಬೇಕು.

ಡಾಂಬರಿನ ಮೇಲೆ ಬೀಳುವ ಎರಿ ಮಣ್ಣಿನದೂ ಒಂದು ಮಾತು. ಹೊಲದಿಂದ ಹತ್ತಿದ ಟ್ರ್ಯಾಕ್ಟರ್, ಪಿಕಪ್ ಬಿಟ್ಟು ಹೋದ ಮಣ್ಣಿನ ಮೇಲೆ ತುಂತುರು ಮಳೆ ಬಿದ್ದರೆ ಹಿಂದೆ ಬರುವ ಬೈಕಿಗೆ ಅದು ಎಣ್ಣೆ ಇದ್ದ ಹಾಗೆ. ಗಾಡಿಯಲ್ಲಿ ಒಂದು ಸಲಿಕೆ ಇಟ್ಟುಕೊಳ್ಳಿ. ಡಾಂಬರಿಗೆ ಹತ್ತುವ ಮೊದಲು ಐದು ನಿಮಿಷ ಟಯರ್ ಕೆರೆಯಿರಿ. ಬೆಣ್ಣಿಹಳ್ಳ, ತುಪ್ಪರಿಹಳ್ಳದ ನೀರು ರಸ್ತೆಗೆ ಬಂದಾಗ ಮಾತ್ರ ಯಾವ ಟಯರಿನ ಧೈರ್ಯವೂ ಬೇಡ. ಎರಡು ಅಡಿ ರಭಸದ ನೀರು ಪಿಕಪ್ಪನ್ನೂ ಎಳೆದೊಯ್ಯಬಲ್ಲದು.

ಕೊನೆಗೆ ದಾರಿ. ಹೊಲದ ದಾರಿಗೆಂದೇ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಸರ್ಕಾರಿ ಯೋಜನೆ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಎರಿ ಮಣ್ಣಿನ ಮೇಲೆ ಬರೀ ಗರಸು ಚೆಲ್ಲಿದರೆ ಎರಡು ಮಳೆಗೆ ಅದು ಕೆಳಗೆ ಇಳಿದು ಹೋಗುತ್ತದೆ. ಎರಡೂ ಬದಿ ಗಟಾರ ತೆಗೆದು, ನೀರು ಹರಿದು ಹೋಗಲು ಪೈಪ್ ಹಾಕಿ, ಗಟ್ಟಿಯಾಗಿ ರೋಲ್ ಮಾಡಿದರೆ ಮಾತ್ರ ನಿಲ್ಲುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ‘ದಾರಿ ಮಾಡ್ರಿ’ ಎಂದಷ್ಟೇ ಹೇಳಿ ಕೂರಬೇಡಿ. ‘ಗಟಾರ ಎಲ್ಲೈತಿ?’ ಎಂದು ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ. ಪ್ರತಿ ವರ್ಷ ಒಬ್ಬೊಬ್ಬರೂ ದುಬಾರಿ ಬಟನ್ ಟಯರಿಗೆ ಸುರಿಯುವ ದುಡ್ಡು ಎಲ್ಲರ ಹೊಲದ ದಾರಿ ಆಗುವವರೆಗೂ ಉಳಿಯುವುದಿಲ್ಲ.